ಪಾರ್ಸಲ್ ಆಫೀಸಿನ ಕಾಕಾ ಹೇಳಿದ ಹೆಸರು

ಐವತ್ತು ದಾಟಿದ ಮೇಲೆ ಕೆಲಸ ಹೋದರೆ ಮೊದಲು ಮನೆಗೆ ಬರುವವರು ಸಂಬಂಧಿಕರು. ಪ್ರೀತಿಯಿಂದಲೇ ಬರುತ್ತಾರೆ. "ಸಾಕ ಬಿಡವಾ, ಇಷ್ಟ ವರ್ಷ ದುಡದಿ, ಇನ್ನ ಮನ್ಯಾಗ ಆರಾಮ ಇರು" ಅಂದರು ನಮ್ಮ ವೈನಿ. ಪಿಎಫ್ ಪಿಂಚಣಿ 50ಕ್ಕೇ ತಗೋಬಹುದಂತಲ್ಲ ಎಂದು ಮಾವನ ಮಗ ಕೇಳಿದ. ತಗೋಬಹುದು, ನಿಜ. ಆದರೆ 58ಕ್ಕಿಂತ ಮೊದಲು ತಗೊಂಡರೆ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತವಾಗುತ್ತದೆ, ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೂ 15,000ದ ಮಿತಿ ಇದೆ. ನನಗೆ ಆಗ 51. ಲೆಕ್ಕ ಹಾಕಿ ನೋಡಿದರೆ ತಿಂಗಳಿಗೆ ನಾಲ್ಕು ಸಾವಿರವೂ ಬರುತ್ತಿರಲಿಲ್ಲ. ಮಗಳ ಎಂಬಿಎ ಇನ್ನೂ ಮುಗಿದಿರಲಿಲ್ಲ, ಬೆಳಗಾವಿಯ ಅನಗೋಳದ ಮನೆಯ ಸಾಲವೂ ತೀರಿರಲಿಲ್ಲ. ಆರಾಮ ಇರುವುದು ಎಲ್ಲಿಂದ?

ನಾನು ಉದ್ಯಮಬಾಗದ ಒಂದು ಹೈಡ್ರಾಲಿಕ್ ಸಿಲಿಂಡರ್ ಘಟಕದಲ್ಲಿ ಅಕೌಂಟ್ಸು, ಸ್ಟೋರ್ಸು, ಡಿಸ್ಪ್ಯಾಚು ಮೂರನ್ನೂ ನೋಡಿಕೊಳ್ಳುತ್ತಿದ್ದೆ. ಸಣ್ಣ ಕಂಪನಿಗಳಲ್ಲಿ ಹಾಗೇ, ಟೇಬಲ್ ಒಂದು, ಕೆಲಸ ಮೂರು. ಮಾಲೀಕರಿಗೆ ವಯಸ್ಸಾಯಿತು, ಮಕ್ಕಳು ಪುಣೆ ಬಿಟ್ಟು ಬರಲು ಒಪ್ಪಲಿಲ್ಲ, ಯಂತ್ರಗಳನ್ನು ಒಂದೊಂದಾಗಿ ಮಾರಿ ಶೆಡ್ಡನ್ನು ಬಾಡಿಗೆಗೆ ಕೊಟ್ಟರು. ನಮಗೆ ಬರಬೇಕಾದ ಗ್ರಾಚ್ಯುಟಿ ಚುಕ್ತಾ ಮಾಡಿದರು, ಅದನ್ನು ನೆನೆಯಲೇಬೇಕು. ಆಮೇಲೆ ನಾನು ಅರ್ಜಿ ಹಾಕಿದ ಕಡೆಯೆಲ್ಲ 'ವಯೋಮಿತಿ 35' ಎಂಬ ಸಾಲು ಇರುತ್ತಿತ್ತು. ಇಲ್ಲದಿದ್ದರೆ ಬಿಕಾಂ ಮುಗಿಸಿದ ವರ್ಷ ನೋಡಿ ಅವರೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಒಂದು ಕನ್ಸಲ್ಟೆನ್ಸಿಯಲ್ಲಿ ಕೂತಿದ್ದ ಹುಡುಗಿ ಬಯೋಡೇಟಾದಲ್ಲಿ ಆ ವರ್ಷ ತೆಗೆದುಬಿಡಿ ಎಂದಳು. ತೆಗೆಯಲಿಲ್ಲ. ಆ ವರ್ಷದಿಂದ ಈಚೆಗೆ ನಾನು ಮಾಡಿದ ಕೆಲಸವೇ ಅಲ್ಲವೇ ನನ್ನ ಬಳಿ ಇದ್ದದ್ದು?

ಕೆಲಸ ಸಿಕ್ಕಿದ್ದು ಖಾನಾಪುರ ರಸ್ತೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಕ್ಲರ್ಕ್ ಕಾಕಾ ಅವರಿಂದ. ಅವರ ಮನೆ ಎಲ್ಲಿ ಅಂತಲೂ ನನಗೆ ಗೊತ್ತಿಲ್ಲ. ನಮ್ಮಿಬ್ಬರ ಸಂಬಂಧವೆಲ್ಲ ಬಿಲ್ಟಿ (ಮಾಲು ಬುಕ್ ಮಾಡಿದ ರಸೀದಿ) ಮತ್ತು ಡೆಲಿವರಿ ಚಲನ್‌ಗಳದ್ದು. ರಾಜಕೋಟಕ್ಕೆ ಹೋಗಬೇಕಾದ ಮಾಲು ಕೊಲ್ಲಾಪುರದಲ್ಲೇ ಉಳಿದಾಗ ಫೋನಿನಲ್ಲಿ ಜಗಳಾಡಿದ್ದೇವೆ. 2018ರಲ್ಲಿ, ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯಬೇಕಾದ ಇ-ವೇ ಬಿಲ್ ಬಂದ ಹೊಸದರಲ್ಲಿ ಪೋರ್ಟಲ್ ನಿಂತುಬಿಟ್ಟು, ಗಾಡಿ ಹೊರಡದೆ, ರಾತ್ರಿಯವರೆಗೆ ಅವರ ಕೌಂಟರಿನಲ್ಲಿ ಕೂತು ಬಿಲ್ ತೆಗೆದದ್ದೂ ಇದೆ. ಒಂದು ದಿನ ಮೂರನೇ ರೈಲ್ವೆ ಗೇಟಿನ ಹತ್ತಿರ ಸಿಕ್ಕರು.

"ಎಲ್ಲಿ ಕಾಣವಲ್ರೆಲಾ ಮೇಡಂ, ನಿಮ್ಮ ಕಂಪನಿ ಮಾಲ ಬರೂದ ನಿಂತೈತಿ."

"ಬಂದ್ ಆತ್ರಿ ಕಾಕಾ. ನಾನೂ ಕೆಲಸ ಹುಡುಕಾಕತ್ತೇನ್ರಿ."

"ಮಚ್ಛೆದಾಗ ಒಬ್ಬ ಸಾವಕಾರ್ರು ಬಿಲ್ಲಿಂಗಿಗೆ ಮಂದಿ ಸಿಗವಲ್ರು ಅಂತ ನನ್ನ ಮುಂದ ಗೊಣಗಾಕತ್ತಿದ್ರು. ನಿಮ್ಮ ಹೆಸರ ಹೇಳ್ತೇನ್ರಿ."

ಹೇಳಿದರು. ಆ ಕೆಲಸಕ್ಕೆ ಜಾಹೀರಾತೇ ಇರಲಿಲ್ಲ. ಮಾಲೀಕರು ನನ್ನ ವಯಸ್ಸು ಕೇಳಿದರು, ಆದರೆ ಕೊನೆಗೆ ಕೇಳಿದರು. ಅದಕ್ಕೂ ಮೊದಲು ಅವರು ನಮ್ಮ ಹಳೆಯ ಆಡಿಟರ್ ಆಫೀಸಿಗೆ ಫೋನ್ ಮಾಡಿದ್ದರು. ಅಲ್ಲಿನ ಹುಡುಗ, ಆ ಮೇಡಂ 11ನೇ ತಾರೀಖಿನ ಜಿಎಸ್‌ಟಿ ರಿಟರ್ನ್‌ಗೆ ಎರಡು ದಿನ ಮೊದಲೇ ಸೇಲ್ಸ್ ಲೆಕ್ಕ ಕಳಿಸುತ್ತಿದ್ದರು ಎಂದನಂತೆ. ಅಷ್ಟೇ ಸಾಕಾಯಿತು. ಚೆಕ್‌ಬುಕ್ಕು, ನಗದು, ಸ್ಟೋರ್ಸಿನ ಬೀಗದ ಕೈ ಒಬ್ಬರಿಗೆ ಕೊಡುವ ಮುನ್ನ ಮಾಲೀಕ ನೋಡುವುದು ನಂಬಿಕೆಯನ್ನು. ಅದನ್ನು ಬಯೋಡೇಟಾ ಹೇಳಲಾರದು. ನನ್ನ ಕೆಲಸವನ್ನು ಎದುರು ಕೌಂಟರಿನಿಂದ ವರ್ಷಗಟ್ಟಲೆ ನೋಡಿದವರು ಹೇಳಬಲ್ಲರು. ಇಪ್ಪತ್ತೈದರ ಹುಡುಗರಿಗೆ ಇಂಥ ಸಾಕ್ಷಿಗಳು ಇನ್ನೂ ಹುಟ್ಟಿರುವುದಿಲ್ಲ, ನಮ್ಮ ವಯಸ್ಸಿನವರಿಗೆ ಊರು ತುಂಬ ಇರುತ್ತಾರೆ. ಇನ್ನೊಂದು ಮಾತನ್ನೂ ಆ ಮಾಲೀಕರೇ ಬಾಯಿಬಿಟ್ಟು ಹೇಳಿದರು: "ನೀವು ಹುಡುಗರ ಹಂಗ ಆರು ತಿಂಗಳಿಗೆ ಕೆಲಸ ಬಿಟ್ಟು ಪುಣೆಗೆ ಹೋಗೂದಿಲ್ಲ ಅಲ್ರಿ."

ಮಗಳಿಗೆ ಇದನ್ನು ಹೇಳಿದಾಗ ಅವಳು ತನ್ನ ಪಾಠದಲ್ಲಿದ್ದ ಒಂದು ಅಧ್ಯಯನವನ್ನು ತೋರಿಸಿದಳು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ್ದು. ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದ್ದರು. ಆ ಪರಿಚಯದವರನ್ನು ಪದೇಪದೇ ನೋಡುತ್ತಿದ್ದೆವು ಎಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6, ತೀರ ಅಪರೂಪಕ್ಕೆ ಎಂದವರು ಶೇ 27.8. ಕಾರಣ ಸರಳ. ನಮಗೆ ತೀರ ಹತ್ತಿರದವರಿಗೆ ನಮಗೆ ಗೊತ್ತಿರುವ ಸುದ್ದಿಯೇ ಗೊತ್ತಿರುತ್ತದೆ, ದೂರದ ಪರಿಚಯದವರು ಬೇರೆ ಓಣಿಯ ಸುದ್ದಿ ತರುತ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಅದರಲ್ಲೂ ಹೆಚ್ಚು ನೆರವಾದದ್ದು ಮಧ್ಯಮ ದೂರದ ಪರಿಚಯವೇ: ಆಪ್ತರೂ ಅಲ್ಲ, ಬರೀ ಹೆಸರು ಗೊತ್ತಿರುವವರೂ ಅಲ್ಲ. ಓದಿದಾಗ ನನಗೆ ಕಾಕಾ ಅವರ ಮುಖವೇ ಕಣ್ಣ ಮುಂದೆ ಬಂತು.

ಆದರೆ ಹೆಂಗಸರ ಪಾಡು ಸ್ವಲ್ಪ ಬೇರೆ. ಗಂಡಸರು ಶಿಫ್ಟ್ ಮುಗಿದ ಮೇಲೆ ಚಹಾದ ಗಾಡಿ ಹತ್ತಿರ ಅರ್ಧ ತಾಸು ನಿಲ್ಲುತ್ತಾರೆ. ಯಾವ ಕಂಪನಿಗೆ ಆರ್ಡರ್ ಬಂತು, ಯಾರು ಬಿಟ್ಟರು ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ನಾವು ಬಸ್ಸಿಗೆ ಓಡುತ್ತೇವೆ. ನಮಗಿರುವುದು ಡಬ್ಬಿ ಬಿಚ್ಚುವ ಹೊತ್ತು, ಮತ್ತೆ ಭಿಶಿ, ಅಂದರೆ ತಿಂಗಳು ತಿಂಗಳು ಎಲ್ಲರೂ ಹಣ ತುಂಬಿ ಒಬ್ಬೊಬ್ಬರು ಪಾಳಿಯಂತೆ ತಗೊಳ್ಳುವ ಚೀಟಿ. ಭಿಶಿಯನ್ನು ಬರೀ ಹೆಂಗಸರ ಕಾಲಕ್ಷೇಪ ಎಂದುಕೊಂಡವರಿಗೆ ನಾನು ಹೇಳುವುದಿಷ್ಟು: ತಿಂಗಳು ತಪ್ಪದೆ ಹಣ ತುಂಬಿದವರು ಯಾರು, ತಮ್ಮ ಪಾಳಿ ಬಂದಾಗಲೂ ಕಷ್ಟದಲ್ಲಿದ್ದವರಿಗೆ ಬಿಟ್ಟುಕೊಟ್ಟವರು ಯಾರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಭಿಶಿಯ ಒಬ್ಬ ಅಕ್ಕನಿಗೆ ವಡಗಾವಿಯ ಸೀರೆ ಅಂಗಡಿಯಲ್ಲಿ ಗಲ್ಲೆ ಮೇಲೆ ಕೂರುವ ಕೆಲಸ ಸಿಕ್ಕಿತು. ಆಗ ಅವರಿಗೆ 54. ಅಂಗಡಿಯವರ ಮನೆಯಾಕೆ ನಮ್ಮ ಭಿಶಿಯಲ್ಲೇ ಇದ್ದರು.

ನಮ್ಮ ಹಳೆ ಕಂಪನಿಯ ಹೋನಿಂಗ್ ಆಪರೇಟರ್ ಅಣ್ಣನ ಕಥೆ ಇನ್ನೂ ಕುತೂಹಲದ್ದು. ಸಿಲಿಂಡರಿನ ಒಳಮೈಯನ್ನು ಹೋನಿಂಗ್ ಮಾಡಿ, ಅಂದರೆ ಉಜ್ಜಿ ನುಣುಪಾಗಿಸಿ, ಒಳ ಅಳತೆ ನೋಡುವ ಬೋರ್ ಗೇಜ್ ಹಾಕಿದರೆ ಅವರು ಮಾಡಿದ ಮಾಲು ವಾಪಸ್ ಬರುತ್ತಿರಲಿಲ್ಲ. ಓದಿದ್ದು ಏಳನೇ ಇಯತ್ತೆ, ಮೊಬೈಲಿನಲ್ಲಿ ಅರ್ಜಿ ತುಂಬುವುದು ಬರುತ್ತಿರಲಿಲ್ಲ. ನಾನು ನಮ್ಮಲ್ಲಿಗೆ ಬರುತ್ತಿದ್ದ ಸ್ಕ್ರ್ಯಾಪಿನವರಿಗೆ ಫೋನ್ ಮಾಡಿದೆ. ಯಾವ ಕಂಪನಿಯಲ್ಲಿ ಕೆಲಸ ಜೋರಾಗಿದೆ ಎಂಬುದು ಸ್ಕ್ರ್ಯಾಪಿನವರಿಗೆ ಗೊತ್ತಾದಷ್ಟು ಬೇಗ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಟರ್ನಿಂಗ್ ಬೋರಿಂಗ್ ಸ್ಕ್ರ್ಯಾಪ್ (ಯಂತ್ರದಲ್ಲಿ ಕೆತ್ತುವಾಗ ಬೀಳುವ ಲೋಹದ ಚೂರು) ಎತ್ತುತ್ತಿದ್ದ ಕಡೆ ಎರಡು ಸಲ ಗಾಡಿ ಹೋಗತೊಡಗಿದರೆ ಅಲ್ಲಿ ರಾತ್ರಿ ಶಿಫ್ಟ್ ಶುರುವಾಗಿದೆ ಅಂತಲೇ ಅರ್ಥ. ಸ್ಕ್ರ್ಯಾಪಿನವರು ಹೊನಗಾದ ಒಂದು ಕಂಪನಿಯ ಹೆಸರು ಹೇಳಿ, ಅಲ್ಲಿಯ ಸೂಪರ್‌ವೈಸರ್ ಜೊತೆ ತಾವೇ ಮಾತಾಡಿದರು. ಅಣ್ಣ ಒಂದು ಸಿಲಿಂಡರ್ ಹೋನಿಂಗ್ ಮಾಡಿ ತೋರಿಸಿದರು. ವಯಸ್ಸಿನ ಮಾತೇ ಬರಲಿಲ್ಲ.

ಹೀಗೆ ಪರಿಚಯದವರ ಬಳಿ ಕೆಲಸ ಕೇಳುವಾಗ ಒಂದು ಎಚ್ಚರ ಬೇಕು. "ಎಲ್ಲೆರೆ ಕೆಲಸ ಇದ್ರ ಹೇಳ್ರಿ" ಎಂದರೆ ಕೇಳಿದವರು ಹ್ಞೂಂ ಅಂದು ಮರೆಯುತ್ತಾರೆ, ಅವರ ತಪ್ಪಲ್ಲ. ಏನು ಕೆಲಸ, ಎಷ್ಟು ದೂರದವರೆಗೆ ಹೋಗಬಲ್ಲೆ, ಎಷ್ಟು ಸಂಬಳಕ್ಕೆ ಒಪ್ಪುತ್ತೇನೆ, ಇದನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಸಂಬಳದ ಮಾತು ಮುಖ್ಯ. ಹಿರಿಯರು ಹೆಚ್ಚು ಕೇಳುತ್ತಾರೆಂದು ಮಾಲೀಕರು ಮೊದಲೇ ಹಿಂಜರಿಯುತ್ತಾರೆ. ನಾನು ಹಳೆಯ ಸಂಬಳಕ್ಕಿಂತ ಸ್ವಲ್ಪ ಕಡಿಮೆಗೆ ಸೇರಿದೆ, ಒಂದು ವರ್ಷಕ್ಕೆ ಪರಿಶೀಲಿಸಬೇಕು ಎಂದು ಅಂದೇ ಮಾತಾಡಿಕೊಂಡೆ.

ಈ ದಾರಿ ಎಲ್ಲರಿಗೂ ತೆರೆದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ನನ್ನ ಟೇಬಲ್ಲಿಗೆ ಹೊರಗಿನವರು ಬರುತ್ತಿದ್ದರು, ಅದಕ್ಕೇ ನನಗೆ ಪರಿಚಯ ಬೆಳೆಯಿತು. ಒಳಗೆ ಅಸೆಂಬ್ಲಿಯಲ್ಲಿ ತಲೆ ಬಗ್ಗಿಸಿ ಕೂತವರನ್ನು ನೋಡಿದವರು ನಾವು ಜೊತೆಯವರು ಮಾತ್ರ. ಹೀಗಾಗಿ ಅವರ ಹೆಸರನ್ನು ನಾವೇ ಹೇಳಬೇಕು, ಅವರು ಬಂದು ಕೇಳುವ ತನಕ ಕಾಯಬಾರದು. ನಮ್ಮ ಅಸೆಂಬ್ಲಿಯಲ್ಲಿದ್ದ ಒಬ್ಬ ಅಕ್ಕ ಈಗಲೂ ಮನೆಯಲ್ಲಿದ್ದಾರೆ. 49 ವರ್ಷ. ಎಣ್ಣೆ ಸೋರದಂತೆ ಹಾಕುವ ಸೀಲ್ ಕಿಟ್ ಜೋಡಿಸುವುದು, ಓ-ರಿಂಗ್ ಅಳತೆ ನೋಡಿ ಬೇರ್ಪಡಿಸುವುದು, ಪ್ಯಾಕಿಂಗ್, ಸ್ಟೋರ್ಸಿನ ಕಾರ್ಡ್ ಬರೆಯುವುದು, ಎಲ್ಲ ಬರುತ್ತದೆ. ಅವರ ಕೈಯಿಂದ ಹೋದ ಸಿಲಿಂಡರ್ ಸೋರಿ ಬಂದದ್ದನ್ನು ನಾನು ಕಂಡಿಲ್ಲ, ವಾಪಸ್ ಬಂದ ಮಾಲಿನ ರಿಜಿಸ್ಟರ್ ಬರೆಯುತ್ತಿದ್ದವಳು ನಾನೇ. ಶಹಾಪುರದಲ್ಲಿ ಮನೆ, ಉದ್ಯಮಬಾಗ ಮತ್ತು ಮಚ್ಛೆವರೆಗೆ ಬಸ್ಸಿನಲ್ಲಿ ಬರಬಲ್ಲರು, ಹಗಲು ಶಿಫ್ಟ್ ಬೇಕು. ನಿಮ್ಮ ಕಂಪನಿಯಲ್ಲಿ ಅಂಥ ಕೈ ಬೇಕಾಗಿದ್ದರೆ ನನ್ನನ್ನು ಕೇಳಿ. ಅವರ ಜೊತೆ ವರ್ಷಗಟ್ಟಲೆ ಡಬ್ಬಿ ಹಂಚಿಕೊಂಡಿದ್ದೇನೆ, ಯಾವ ಮಾಲೀಕರ ಮುಂದೆ ಬೇಕಾದರೂ ಬಂದು ಹೇಳುತ್ತೇನೆ.