ಗಿಫ್ ಎನ್ನಬೇಕೋ, ಜಿಫ್ ಎನ್ನಬೇಕೋ?

ಪರದೆಯ ಮೇಲೆ ಮತ್ತೆ ಮತ್ತೆ ಆಡುವ ಆ ಪುಟ್ಟ ಚಿತ್ರದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವವರು GIF ಎಂಬ ಮೂರು ಅಕ್ಷರ ಬರೆದು ಸುಮ್ಮನಾಗಬಹುದು. ಓದುವವರು ತಮಗೆ ತೋಚಿದಂತೆ ಓದಿಕೊಳ್ಳುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಆ ಅನುಕೂಲವಿಲ್ಲ. ಗಕಾರ ಬರೆದರೂ ಜಕಾರ ಬರೆದರೂ ಒಂದು ಪಕ್ಷವನ್ನು ಸೇರಿದಂತೆಯೇ ಆಗುತ್ತದೆ. ನಾನು ಗಕಾರದ ಪಕ್ಷದವನು.

ಜಕಾರದವರ ಕಡೆ ದೊಡ್ಡ ಸಾಕ್ಷಿಯೇ ಇದೆ. 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆಯಲ್ಲಿ ಈ ಮಾದರಿಯನ್ನು ರೂಪಿಸಿದ ಸ್ಟೀವ್ ವಿಲ್‌ಹೈಟ್ ಕೊನೆಯವರೆಗೂ ಜಿಫ್ ಎಂದೇ ಹೇಳಿದರು. 2013ರಲ್ಲಿ ಅಂತರ್ಜಾಲದ ಸಾಧನೆಗೆ ಕೊಡುವ ವೆಬ್ಬಿ ಪ್ರಶಸ್ತಿ ಸ್ವೀಕರಿಸುವಾಗಲೂ ಅವರು ಭಾಷಣದ ಬದಲು ಅದನ್ನೇ ಸಾರುವ ಒಂದು ಚಲಿಸುವ ಚಿತ್ರವನ್ನು ತೋರಿಸಿದರು. ನಮ್ಮ ಪಕ್ಷದವರು, ಇದರ ಪೂರ್ಣ ಹೆಸರಾದ ಗ್ರಾಫಿಕ್ಸ್ ಇಂಟರ್‌ಚೇಂಜ್ ಫಾರ್ಮ್ಯಾಟ್‌ನಲ್ಲಿ ಮೊದಲ ಪದ ಗ್ರಾಫಿಕ್ಸ್ ಆದ್ದರಿಂದ ಗಕಾರವೇ ಸರಿ ಎನ್ನುತ್ತಾರೆ. ಈ ವಾದ ನಿಲ್ಲುವುದಿಲ್ಲ, ಏಕೆಂದರೆ ಅದೇ ತರ್ಕದಂತೆ ಇನ್ನೊಂದು ಚಿತ್ರ ಮಾದರಿಯಾದ ಜೆಪೆಗ್‌ನ (JPEG) ಪಿ ಅಕ್ಷರ ಫೋಟೋಗ್ರಾಫಿಕ್ ಎಂಬುದರಿಂದ ಬಂದದ್ದರಿಂದ ಅದನ್ನು ಜೆಫೆಗ್ ಎನ್ನಬೇಕಾಗುತ್ತದೆ. ನನ್ನ ಕಾರಣ ಬೇರೆ: ಹೆಸರು ಬಳಕೆಗೆ ಬಿದ್ದ ಮೇಲೆ ಅದು ಬಳಸುವವರದು. ಪಿಎನ್‌ಜಿ (PNG) ಎಂಬ ಮತ್ತೊಂದು ಚಿತ್ರ ಮಾದರಿಯ ಅಧಿಕೃತ ದಾಖಲೆಯೇ ಅದನ್ನು ಪಿಂಗ್ ಎಂದು ಉಚ್ಚರಿಸಬೇಕೆಂದು ಹೇಳುತ್ತದೆ. ಆದರೂ ನಾನು ಕೇಳಿರುವುದು ಬಿಡಿ ಅಕ್ಷರಗಳನ್ನೇ.

ಡೇಟಾಬೇಸ್‌ನಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ SQL ವಿಷಯದಲ್ಲಿ ಮಾತ್ರ, ಸೀಕ್ವೆಲ್ ಎನ್ನುವವರಿಗೂ ಎಸ್‌ಕ್ಯೂಎಲ್ ಎನ್ನುವವರಿಗೂ ಇತಿಹಾಸದ ಬೆಂಬಲವಿದೆ. 1970ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೆ ಇಟ್ಟಿದ್ದ ಹೆಸರೇ ಸೀಕ್ವೆಲ್. ಬ್ರಿಟನ್ನಿನ ವಿಮಾನ ತಯಾರಿಕಾ ಕಂಪನಿಯೊಂದು ಆ ಹೆಸರಿನ ಟ್ರೇಡ್‌ಮಾರ್ಕ್ ಹೊಂದಿದ್ದರಿಂದ ಸ್ವರಗಳನ್ನು ಕಳಚಿ ಎಸ್‌ಕ್ಯೂಎಲ್ ಮಾಡಲಾಯಿತು. ಹಾಗಾಗಿ ಸೀಕ್ವೆಲ್ ಎನ್ನುವವರು ಹಳೆಯ ಹೆಸರನ್ನು ಉಳಿಸಿಕೊಂಡವರು, ಎಸ್‌ಕ್ಯೂಎಲ್ ಎನ್ನುವವರು ಬರೆದದ್ದನ್ನು ಬರೆದಂತೆಯೇ ಓದುವವರು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಕೈಪಿಡಿ ಈ ವಿಷಯದಲ್ಲಿ ಉದಾರವಾಗಿದೆ: ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವುದೇ ಅಧಿಕೃತ ಉಚ್ಚಾರಣೆ ಎಂದು ತಿಳಿಸಿ, ಮೈ ಸೀಕ್ವೆಲ್ ಎಂದರೂ ತಮ್ಮ ತಮ್ಮ ಊರಿನ ರೀತಿಯಲ್ಲಿ ಹೇಳಿದರೂ ಅಡ್ಡಿಯಿಲ್ಲ ಎನ್ನುತ್ತದೆ.

ಸಹೋದ್ಯೋಗಿಗಳ ನಡುವೆ ಊಟದ ಹೊತ್ತಿನಲ್ಲಿ ನಡೆಯುವ ಈ ಜಗಳ ನನಗೆ ಬಹಳ ಪ್ರಿಯವಾದದ್ದು. ಆದರೆ ಅದು ಕೆಲಸದ ಸಂದರ್ಶನದ ಕೋಣೆಯನ್ನು ಹೊಕ್ಕಾಗ ನನಗೆ ಸಿಟ್ಟು ಬರುತ್ತದೆ. ಪುಸ್ತಕ ಓದಿ ತಾನೇ ಕಲಿತ ಸಣ್ಣ ಊರಿನ ವಿದ್ಯಾರ್ಥಿಗೆ ಈ ಹೆಸರುಗಳು ಕಣ್ಣಿಗೆ ಪರಿಚಿತವಾಗಿರುತ್ತವೆಯೇ ಹೊರತು ಕಿವಿಗಲ್ಲ. ಸೀಕ್ವೆಲ್ ಎಂಬುದನ್ನು ಮೊದಲ ಬಾರಿ ಕೇಳಿ ಅರೆಗಳಿಗೆ ತಬ್ಬಿಬ್ಬಾದವರಿಗೆ ವಿಷಯವೇ ತಿಳಿದಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಲು, ಅಂದರೆ ಎರಡು ಕೋಷ್ಟಕಗಳ ಮಾಹಿತಿಯನ್ನು ಜೋಡಿಸಲು, ಬರುತ್ತದೆಯೇ ಎಂದು ಕೇಳಲಿ, ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಾದ ಕ್ವೆರಿ ಬರೆಸಿ ನೋಡಲಿ.