ಕುದುರೆಗೂ ಯಾಕಪ್ಪಾ ದಾರಿ?

ಊರಿನಿಂದ ಯಾರೇ ಬರಲಿ, ಶ್ವೇತಭವನಕ್ಕಿಂತ ಮೊದಲು ನಮ್ಮ ಮನೆ ಹತ್ತಿರದ ಟ್ರೇಲ್ ತೋರಿಸುತ್ತೇನೆ. ಬೇರೆ ಉಪಾಯವೂ ಇಲ್ಲ. ಜೆಟ್‌ಲ್ಯಾಗಿನಿಂದ ಅವರಿಗೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಕಾಫಿ ಕುಡಿದು, ಶೂ ಹಾಕಿಕೊಂಡು, ಬೆಳಕು ಹರಿಯುವುದನ್ನೇ ಕಾಯುತ್ತಾ ಕೂತಿರುತ್ತಾರೆ.

ನಾವಿರುವುದು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಮನೆಯಿಂದ ಹತ್ತು ನಿಮಿಷ ನಡೆದರೆ ಡಬ್ಲ್ಯೂ ಅಂಡ್ ಓಡಿ ಟ್ರೇಲ್ ಸಿಗುತ್ತದೆ. ಪೂರ್ತಿ ಹೆಸರು ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್. ರಾಜಧಾನಿಯ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಶುರುವಾಗಿ ಪಶ್ಚಿಮಕ್ಕೆ ಪರ್ಸೆಲ್‌ವಿಲ್ ಎಂಬ ಸಣ್ಣ ಊರಿನ ತನಕ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್ ಹೋಗುತ್ತದೆ. ಕಾರಿಗೆ, ಮೋಟಾರ್ ಬೈಕಿಗೆ ಜಾಗವಿಲ್ಲ. ಹತ್ತಡಿ ಅಗಲದ ಡಾಂಬರಿನ ಮೇಲೆ ನಡೆಯುವವರು, ಓಡುವವರು, ಸೈಕಲ್‌ನವರು, ಮಗುವಿನ ಗಾಡಿ ತಳ್ಳುವವರು. ವಿಯೆನ್ನಾದಿಂದ ಮುಂದಕ್ಕೆ (ಆಸ್ಟ್ರಿಯಾದ್ದಲ್ಲ, ಇಲ್ಲಿಯದೇ ಒಂದು ವಿಯೆನ್ನಾ) 32 ಮೈಲಿ ಉದ್ದಕ್ಕೂ ಪಕ್ಕದಲ್ಲೇ ಜಲ್ಲಿಪುಡಿಯ ಇನ್ನೊಂದು ದಾರಿ. ಅದು ಕುದುರೆ ದಾರಿ.

ಅದನ್ನು ಕಂಡ ಕೂಡಲೇ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ‘ನಡೆಯೋರಿಗೆ ಸರಿ, ಸೈಕಲ್ಲಿಗೂ ಸರಿ. ಈ ಕಾಲದಲ್ಲಿ ಕುದುರೆಗೂ ಯಾಕಪ್ಪಾ ದಾರಿ? ಎಲ್ಲಾ ಒಂದೇ ದಾರೀಲಿ ಹೋದ್ರೆ ಆಗಲ್ವಾ?’ ಮಾವನವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ‘ಕುದುರೆ ಕಂಡರೆ ಕಾಲು ನೋವು ಅಂತಾರಲ್ಲ, ಅದಕ್ಕೇ ಇಟ್ಟಿರಬೇಕು’ ಅಂದರು.

ಇಷ್ಟು ವರ್ಷಗಳಲ್ಲಿ ಬೇರೆ ಪ್ರಶ್ನೆ ಕೇಳಿದವರು ನಮ್ಮಪ್ಪ ಒಬ್ಬರೇ. ಅವರು ಸರ್ವೆಯರ್ ಆಗಿದ್ದವರು. ಬಂದ ಮೊದಲ ದಿನ ಟ್ರೇಲಿನ ಒಂದು ಅಂಚಿನ ಬೇಲಿಯಿಂದ ಇನ್ನೊಂದು ಅಂಚಿಗೆ ಹುಲ್ಲಿನ ಮೇಲೆ ಅಡ್ಡಡ್ಡ ನಡೆದರು. ನಲವತ್ತು ಹೆಜ್ಜೆ. ‘ನೂರಡಿ ಇದೆಯಲ್ಲೋ! ಯಾರು ಬಿಟ್ಟರು ಇಷ್ಟು ಜಾಗ?’

ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಇದು ರೈಲಿನವರು ಬಿಟ್ಟ ಜಾಗ. ಅಲೆಕ್ಸಾಂಡ್ರಿಯಾ ಬಂದರಿನಿಂದ ಹೊರಟ ರೈಲು 1860ರಲ್ಲಿ ಲೀಸ್‌ಬರ್ಗ್ ಮುಟ್ಟಿತು. ಬ್ಲೂ ರಿಜ್ ಬೆಟ್ಟ ದಾಟಿ ಆಚೆಯ ಕಲ್ಲಿದ್ದಲು ತರಬೇಕು ಅನ್ನುವುದು ಆ ಕಂಪನಿಯ ಆಸೆ. ಬೆಟ್ಟದ ಬುಡದ ಬ್ಲೂಮಾಂಟ್ ತನಕ 1900ರಲ್ಲಿ ಬಂತು, ಅಷ್ಟೇ. ಕಲ್ಲಿದ್ದಲು ಸಿಗಲೇ ಇಲ್ಲ. ಹಾಲು ಸಾಗಿಸಿಕೊಂಡು, ಬೇಸಿಗೆಯಲ್ಲಿ ತಂಪು ಹುಡುಕಿ ಬರುವ ನಗರದವರನ್ನು ಹೊತ್ತುಕೊಂಡು ಹೇಗೋ ಕಾಲ ತಳ್ಳಿತು. ಕೊನೆಗೆ 1968ರಲ್ಲಿ ಬಾಗಿಲು ಹಾಕಿತು.

ರೈಲು ಬಿಟ್ಟ ಆ ಉದ್ದನೆಯ ಜಾಗ ತುಂಡು ತುಂಡಾಗಿ ಹೋಗದೆ ಉಳಿದದ್ದು ಅದೃಷ್ಟ. ಹೆಚ್ಚಿನ ಭಾಗ ವಿದ್ಯುತ್ ಕಂಪನಿಯ ಕೈಗೆ ಬಂತು. ಹೈಟೆನ್ಶನ್ ತಂತಿ ಎಳೆಯಲು ಅವರಿಗೂ ಉದ್ದನೆಯ ಜಾಗವೇ ಬೇಕಿತ್ತು. ಫಾಲ್ಸ್ ಚರ್ಚ್ ಎಂಬ ಊರಿನಲ್ಲಿ 1974ರಲ್ಲಿ ಒಂದೂವರೆ ಮೈಲಿ ಮಾತ್ರ ದಾರಿ ಮಾಡಿ ನೋಡಿದರು. ಜನಕ್ಕೆ ಹಿಡಿಸಿತು. ಆಮೇಲೆ ಇಲ್ಲಿಯ ಪ್ರಾದೇಶಿಕ ಪಾರ್ಕ್ ಪ್ರಾಧಿಕಾರ 1978ರಿಂದ 1982ರೊಳಗೆ, ಹಂತ ಹಂತವಾಗಿ, 36 ಲಕ್ಷ ಡಾಲರಿಗೆ ಜಾಗ ಕೊಂಡಿತು. ತಂತಿ ಹಾಯಿಸುವ ಹಕ್ಕು ವಿದ್ಯುತ್ ಕಂಪನಿಯದಾಗಿಯೇ ಉಳಿಯಿತು. 1988ಕ್ಕೆ ಪರ್ಸೆಲ್‌ವಿಲ್ ತನಕ ಡಾಂಬರು ಬಂತು. ಈಗ ನೀವು ಬಂದರೆ ತಲೆ ಮೇಲೆ ದೊಡ್ಡ ದೊಡ್ಡ ತಂತಿಗಳನ್ನು ಕಂಡು ಮುಖ ಸಿಂಡರಿಸುತ್ತೀರಿ. ಎಲ್ಲರೂ ಸಿಂಡರಿಸುತ್ತಾರೆ. ಆದರೆ ಆ ತಂತಿ ಇರದಿದ್ದರೆ ಇಲ್ಲಿ ಮನೆಗಳು ಏಳುತ್ತಿದ್ದವು ಅಂತ ನನ್ನ ಅನುಮಾನ.

ನೂರಡಿ ಅಂದರೆ ಎಷ್ಟು ಅಂತ ಬೆಂಗಳೂರಿನವರಿಗೆ ಹೇಳುವುದು ಸುಲಭ. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡ್ ನೆನಪಿಸಿಕೊಳ್ಳಿ. ಆ ಹೆಸರಿನಷ್ಟು ಅಗಲ, 45 ಮೈಲಿ ಉದ್ದ, ಒಂದೂ ಗಾಡಿ ಇಲ್ಲ. ಹತ್ತಡಿ ಡಾಂಬರು, ಎರಡೂ ಬದಿ ಅಂಚು, ನಡುವೆ ಹುಲ್ಲು, ಆಚೆಗೆ ಕುದುರೆ ದಾರಿ, ಅದರಾಚೆ ಪೊದೆ, ಮರ. ಇಷ್ಟಾದರೂ ಇನ್ನೂ ಜಾಗ ಮಿಗುತ್ತದೆ.

ಅಗಲ ಕೈತಪ್ಪಿದರೆ ಏನಾಗುತ್ತದೆ ಅಂತ ನೋಡಲು ಇದೇ ದಾರಿಯ ಎರಡು ತುದಿ ಸಾಕು. ಪೂರ್ವದಲ್ಲಿ ರಾಸ್ಲಿನ್ ಕಡೆಗೆ ಹೋಗುತ್ತಿದ್ದ ರೈಲಿನ ಕವಲು ಐ-66 ಹೆದ್ದಾರಿಯ ಪಾಲಾಯಿತು. ಪಶ್ಚಿಮದಲ್ಲಿ ಪರ್ಸೆಲ್‌ವಿಲ್‌ನಿಂದ ಬ್ಲೂಮಾಂಟ್‌ವರೆಗಿನ ಹಳಿಯನ್ನು 1930ರ ದಶಕದ ಕೊನೆಯಲ್ಲೇ ಬಿಟ್ಟುಬಿಟ್ಟರು. ಟ್ರೇಲ್ ಅನ್ನುವ ಯೋಚನೆ ಹುಟ್ಟುವ ಹೊತ್ತಿಗೆ ಅಲ್ಲಿನ ಜಾಗ ಯಾರ್ಯಾರದೋ ಆಗಿತ್ತು. ಹಾಗಾಗಿ ಬೆಟ್ಟ ಎದುರಿಗೇ ಕಾಣುತ್ತಿರುವಾಗ ದಾರಿ ನಿಂತುಬಿಡುತ್ತದೆ. ಊಟಕ್ಕೆ ಕೂರಿಸಿ ಪಾಯಸದ ಹೊತ್ತಿಗೆ ಎಲೆ ಎತ್ತಿದ ಹಾಗೆ.

ಇನ್ನು ಕುದುರೆ. ಒಂದೇ ದಾರಿ ಯಾಕಾಗದು?

ಮೈಸೂರಿನವರಿಗೆ ಟಾಂಗಾ ಕುದುರೆ ಗೊತ್ತು. ಅದರ ಕಣ್ಣಿನ ಪಕ್ಕಕ್ಕೆ ಚರ್ಮದ ಪಟ್ಟಿ ಕಟ್ಟಿರುತ್ತಾರೆ. ಚಿಕ್ಕವನಿದ್ದಾಗ ಅದು ಅಲಂಕಾರ ಅಂದುಕೊಂಡಿದ್ದೆ. ಕುದುರೆಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಸರಿಯಾಗಿ ಬಾಲದ ಹಿಂದೆ ಮತ್ತು ಹಣೆಯ ಮುಂದೆ ಒಂದಿಷ್ಟು ಜಾಗ ಮಾತ್ರ ಕಾಣದು. ಅದು ಬೇಟೆಗೆ ಸಿಕ್ಕುವ ಪ್ರಾಣಿ. ಏನೋ ಸರಕ್ಕನೆ ಬಂದರೆ ಮೊದಲು ಓಟ, ಆಮೇಲೆ ಯೋಚನೆ. ಬಸ್ಸು, ಲಾರಿ ಕಂಡು ಬೆದರದಿರಲಿ ಅಂತ ಆ ಪಟ್ಟಿ. ಇಲ್ಲಿ ಸವಾರಿಗೆ ಬರುವ ಕುದುರೆಗೆ ಸಾಮಾನ್ಯವಾಗಿ ಪಟ್ಟಿ ಇರುವುದಿಲ್ಲ. ಅದರ ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಅದಕ್ಕೆ ಹುಲಿಯೇ.

ಇದನ್ನು ನಾನು ಪೆಟ್ಟು ತಿನ್ನದೆ ಕಲಿತದ್ದು ಪುಣ್ಯ. ಹೊಸದರಲ್ಲಿ ಲೀಸ್‌ಬರ್ಗ್ ಆಚೆ ಒಂದು ಕುದುರೆ ದಾರಿ ದಾಟಲು ಡಾಂಬರಿಗೆ ಹತ್ತಿತ್ತು. ನಾನು ಹಿಂದಿನಿಂದ ಬಂದು, ಒಳ್ಳೆಯವನ ಹಾಗೆ, ಕಿಣಿಕಿಣಿ ಬೆಲ್ ಹೊಡೆದೆ. ಕುದುರೆ ಒಂದೇ ನೆಗೆತಕ್ಕೆ ಅಡ್ಡ ತಿರುಗಿತು. ಮೇಲಿದ್ದ ವಯಸ್ಸಾದ ಹೆಂಗಸು ಲಗಾಮು ಎಳೆದು ಸಮಾಧಾನ ಮಾಡಿದರು. ನನಗೆ ಬೈಯಲಿಲ್ಲ. ‘ಬೆಲ್ ಬೇಡ. ದೂರದಿಂದಲೇ ಮಾತಾಡು. ಮಾತು ಕೇಳಿದರೆ ಮನುಷ್ಯ ಅಂತ ಅದಕ್ಕೆ ಗೊತ್ತಾಗುತ್ತೆ’ ಅಂದರು. ಈಗ ಕುದುರೆ ಕಂಡರೆ ಸೈಕಲ್ ನಿಧಾನ ಮಾಡಿ, ‘ಏನಮ್ಮಾ, ಚೆನ್ನಾಗಿದೀಯಾ’ ಅಂತ ಕೂಗುತ್ತೇನೆ. ಕನ್ನಡಕ್ಕೆ ಇನ್ನೂ ಯಾವ ಕುದುರೆಯೂ ಬೆದರಿಲ್ಲ.

ಮೂವರೂ ಓಡಾಡುವ ಟ್ರೇಲುಗಳಲ್ಲಿ ಒಂದು ನಿಯಮ ಉಂಟು. ಸೈಕಲ್ ಎಲ್ಲರಿಗೂ ದಾರಿ ಬಿಡಬೇಕು. ನಡೆಯುವವರು ಕುದುರೆಗೆ ಬಿಡಬೇಕು. ತ್ರಿಕೋನದ ಚಿತ್ರ ಹಾಕಿ ಅಲ್ಲಲ್ಲಿ ಬೋರ್ಡ್ ನಿಲ್ಲಿಸಿರುತ್ತಾರೆ. ಒಳ್ಳೆಯದೇ. ಆದರೆ ದಿನಕ್ಕೆ ನೂರಾರು ಸೈಕಲ್ ಹೋಗುವ ಕಡೆ ಬರೀ ಬೋರ್ಡ್ ನಂಬಿ ಕೂತರೆ ಆಗುವುದಿಲ್ಲ. ಅದಕ್ಕೇ ಬೇರೆ ದಾರಿ. ಡಾಂಬರಿನದು ಇನ್ನೊಂದು ತೊಂದರೆ. ಕಬ್ಬಿಣದ ಲಾಳ ಅದರ ಮೇಲೆ ಜಾರುತ್ತದೆ, ಗಟ್ಟಿ ನೆಲಕ್ಕೆ ಕುದುರೆಯ ಕೀಲು ಸವೆಯುತ್ತದೆ.

ಕುದುರೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಪ್ಲಾನ್ ಮಾಡುವವರ ಅಳತೆಯೆಲ್ಲಾ ಬದಲಾಗುತ್ತದೆ. ಸವಾರನ ತಲೆ ಎಲ್ಲೋ ಎಂಟಡಿ ಮೇಲಿರುತ್ತದೆ, ಆದ್ದರಿಂದ ಕೊಂಬೆಗಳನ್ನು ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಸವರಬೇಕು. ಸೇತುವೆಯ ಕಂಬಿ ಎದೆಮಟ್ಟಕ್ಕಾದರೂ ಇರಬೇಕು. ಇಳಿದು ನಡೆಸಿಕೊಂಡು ಹೋಗುವ ಕಡೆ ಮತ್ತೆ ಹತ್ತಲು ಒಂದು ಕಲ್ಲಿನ ಮೆಟ್ಟಿಲು ಬೇಕು. ಬ್ರಿಟನ್ನಿನಲ್ಲಿ ಪೆಗಸಸ್ ಕ್ರಾಸಿಂಗ್ ಅಂತ ಇದೆ, ಸಿಗ್ನಲ್ಲಿನ ಗುಂಡಿಯನ್ನು ಸವಾರನ ಕೈಗೆ ಎಟುಕುವಷ್ಟು ಮೇಲೆ ಇನ್ನೊಂದು ಇಟ್ಟಿರುತ್ತಾರೆ. ಪಾರ್ಕಿಂಗಂತೂ ಎಲ್ಲರೂ ಮರೆಯುವ ವಿಷಯ. ಕುದುರೆ ಟ್ರೇಲಿಗೆ ಬರುವುದು ಟ್ರೈಲರ್‌ನಲ್ಲಿ. ಎಳೆಯುವ ಗಾಡಿ ಸೇರಿ ಅದು ಲಾರಿಯಷ್ಟು ಉದ್ದ. ರಿವರ್ಸ್ ಹೊಡೆಯದೆ ನೇರ ಒಳಗೆ ಬಂದು ನೇರ ಆಚೆ ಹೋಗುವ ಜಾಗ ಇಲ್ಲದಿದ್ದರೆ ಎಷ್ಟು ಚೆಂದದ ಕುದುರೆ ದಾರಿ ಮಾಡಿದರೂ ಒಂದು ಕುದುರೆಯೂ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಆಶ್‌ಬರ್ನ್‌ನಲ್ಲಿ ನಾನು ಕುದುರೆ ನೋಡಿರುವುದು ಕಮ್ಮಿ. ಇಲ್ಲಿ ಟ್ರೇಲಿನ ಪಕ್ಕ ಡೇಟಾ ಸೆಂಟರ್‌ಗಳ ಗೋಡೆಗಳೇ ಜಾಸ್ತಿ. ಕುದುರೆ ನೋಡಬೇಕಾದರೆ ಲೀಸ್‌ಬರ್ಗ್ ದಾಟಿ, ಏರು ಹತ್ತಿ, ಕ್ಲಾರ್ಕ್ಸ್ ಗ್ಯಾಪ್‌ನ ಹಳೇ ಕಲ್ಲಿನ ಕಮಾನಿನ ಕೆಳಗೆ ಹಾದು ಹೋಗಬೇಕು. ಹಾಗಂತ ನಮ್ಮ ಕಡೆಯ ಜಲ್ಲಿ ದಾರಿ ಖಾಲಿ ಬಿದ್ದಿಲ್ಲ. ಓಡುವವರೆಲ್ಲ ಅದರ ಮೇಲೇ. ಮಂಡಿ ನೋವಿನವರಿಗೆ ಡಾಂಬರಿಗಿಂತ ಅದೇ ಹಿತ. ಕುದುರೆಯ ಕೀಲಿಗೆ ಅಂತ ಮಾಡಿದ ನೆಲ ನನ್ನ ಹೆಂಡತಿಯ ಮಂಡಿಗೆ ಒದಗಿದೆ. ಮಾವನವರಿಗೆ ನಾನು ಕೊಟ್ಟ ಉತ್ತರ ಇದೇ. ಮಗಳ ಮಂಡಿ ವಿಷಯ ಬಂದ ಮೇಲೆ ಅವರು ಮತ್ತೆ ಗಾದೆ ಹೇಳಲಿಲ್ಲ.

ಕುದುರೆಗೂ ಸೈಕಲ್ಲಿಗೂ ಜಗಳ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದಿನಾ ನಡೆಯುವ ಜಗಳ ಸೈಕಲ್‌ನವರಿಗೂ ನಡೆಯುವವರಿಗೂ. ಅಪ್ಪ ಬಂದ ಮೂರನೇ ದಿನವೇ ಅದರ ರುಚಿ ಸಿಕ್ಕಿತು. ಅವರು ನಮ್ಮೂರಿನ ಅಭ್ಯಾಸದಂತೆ ಎಡಗಡೆ ನಡೆಯುತ್ತಿದ್ದರು. ಇಲ್ಲಿ ಎಲ್ಲವೂ ಬಲಗಡೆ. ಹಿಂದಿನಿಂದ ಬಂದ ಸೈಕಲ್ಲಿನವ ‘ಆನ್ ಯುವರ್ ಲೆಫ್ಟ್’ ಅಂತ ಕೂಗಿದ. ನಿಮ್ಮ ಎಡಕ್ಕೆ ಬರುತ್ತಿದ್ದೇನೆ ಅಂತ ಅರ್ಥ. ಅಪ್ಪನಿಗೆ ಕೇಳಿಸಿದ್ದು ‘ಎಡಕ್ಕೆ ಸರಿ’ ಅಂತ. ಸರಿದರು. ಆತ ಹುಲ್ಲಿಗೆ ಇಳಿದು ಹೇಗೋ ಉಳಿದುಕೊಂಡ. ಹುಲ್ಲು ಇತ್ತು, ಇಳಿದ. ಪಕ್ಕದಲ್ಲೇ ಕಾಂಪೌಂಡ್ ಗೋಡೆ ಇದ್ದಿದ್ದರೆ?

ಕೊನೆಗೆ ಫಾಲ್ಸ್ ಚರ್ಚ್‌ನಲ್ಲಿ ಈ ಜಗಳಕ್ಕೂ ಅಗಲದಿಂದಲೇ ಮದ್ದು ಅರೆದರು. ಜನ ವಿಪರೀತ ಓಡಾಡುವ ಒಂದು ಮೈಲಿಗೂ ಸ್ವಲ್ಪ ಜಾಸ್ತಿ ದೂರಕ್ಕೆ ನಡೆಯುವವರಿಗೇ ಒಂದು, ಸೈಕಲ್ಲಿಗೇ ಒಂದು ದಾರಿ ಮಾಡಿ ನಡುವೆ ಅಂತರ ಬಿಟ್ಟರು. 1974ರಲ್ಲಿ ಮೊದಲ ತುಂಡು ಹಾಕಿದ ಊರಲ್ಲೇ ಹತ್ತಿರ ಹತ್ತಿರ ಅರ್ಧ ಶತಮಾನದ ನಂತರ ಇನ್ನೊಂದು ದಾರಿ ಸೇರಿತು. ಅದಕ್ಕಾಗಿ ಯಾರ ಮನೆಯನ್ನೂ ಒಡೆಯಬೇಕಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಬೆಂಗಳೂರಿನ ಗೆಳೆಯರ ಉಪಪ್ರಶ್ನೆ ಬರುತ್ತದೆ. ನಮ್ಮಲ್ಲೂ ಮಾಡಬಹುದಾ? ಹಳೇ ರೈಲು ದಾರಿ ಅಂದ ಕೂಡಲೇ ಅವರ ಬಾಯಿಗೆ ಬರುವುದು ಎಡಕುಮೇರಿ. ಸಕಲೇಶಪುರ, ಸುಬ್ರಹ್ಮಣ್ಯದ ನಡುವಿನ ಆ ಹಳಿ ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿತು. ಆ ವರ್ಷಗಳಲ್ಲಿ ಸುರಂಗ, ಸೇತುವೆಗಳ ಮೇಲೆ ಚಾರಣ ಮಾಡದ ಹುಡುಗರೇ ಇರಲಿಲ್ಲ. ನಾನೂ ಹೋಗಿದ್ದೆ, ಟಾರ್ಚಿನ ಬ್ಯಾಟರಿ ಸುರಂಗದ ಮಧ್ಯೆ ಕೈಕೊಟ್ಟಿತ್ತು. ಆದರೆ ರೈಲು ಮತ್ತೆ ಬಂತು, ಬರಬೇಕಾದದ್ದೇ. ಈಗ ಅಲ್ಲಿ ನಡೆಯುವುದು ತಪ್ಪು, ಅಪಾಯ ಕೂಡ. ನಮ್ಮಲ್ಲಿ ಹಳಿಗೆ ಇನ್ನೂ ಕೆಲಸವಿದೆ.

ನನ್ನ ಕಣ್ಣು ಇರುವುದು ನಾಲೆ ಏರಿಯ ಮೇಲೆ. ಮಂಡ್ಯ ಕಡೆಯ ವಿಶ್ವೇಶ್ವರಯ್ಯ ನಾಲೆಯನ್ನೇ ತೆಗೆದುಕೊಳ್ಳಿ. ರೈಲಿಗಿದ್ದ ಗುಣಗಳೆಲ್ಲ ಅದಕ್ಕೂ ಇವೆ. ನೀರು ಹರಿಯಬೇಕಾದ್ದರಿಂದ ಏರು ಇಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಉದ್ದಕ್ಕೂ ಒಬ್ಬರದೇ ಒಡೆತನ. ಈಗಾಗಲೇ ಜನ ಅಲ್ಲಿ ನಡೆಯುತ್ತಾರೆ, ಎತ್ತಿನ ಗಾಡಿ ಹೋಗುತ್ತದೆ, ಮಕ್ಕಳು ಸೈಕಲ್ ತುಳಿಯುತ್ತಾರೆ. ಕುದುರೆಯ ಜಾಗದಲ್ಲಿ ಎತ್ತನ್ನು ಇಟ್ಟು ಲೆಕ್ಕ ಹಾಕಿದರಾಯಿತು. ತಡೆಗೋಡೆ ಮಾತ್ರ ಮೊದಲ ದಿನವೇ ಬೇಕು. ಗಾಡಿಗಳು ನಾಲೆಗೆ ಬಿದ್ದ ಸುದ್ದಿ ಆ ಕಡೆಯವರಿಗೆ ಹೊಸದಲ್ಲ.

ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದ್ದೆ. ಎರಡು ವಾರ ಮಾತಿಲ್ಲ. ಮೊನ್ನೆ ಅವರೇ ಕರೆ ಮಾಡಿದರು. ಕುಶಲ ಕೇಳುವ ಮೊದಲೇ ವರದಿ ಬಂತು.

‘ಏರಿ ಮೇಲೆ ಹೋಗಿದ್ದೆ. ಮೂರು ಕಡೆ ಅಳೆದೆ. ಏಳು ಹೆಜ್ಜೆ, ಎಂಟು ಹೆಜ್ಜೆ, ಇನ್ನೊಂದು ಕಡೆ ಬರೀ ಐದು. ಆ ಐದರ ಹತ್ತಿರ ಯಾರೋ ಹುಲ್ಲಿನ ಮೆದೆ ಒಟ್ಟವ್ರೆ. ಅದನ್ನ ತೆಗೆಸಿದ್ರೆ ಅಲ್ಲೂ ಏಳಾಗುತ್ತೆ.’