ನಲವತ್ತಾಯ್ತು ಸಾರ್, ಈಗ ಕೆಲಸ ಬಿಡಬಹುದಾ?

ಭಾನುವಾರದ ಚಿತ್ರಕಲೆ ಕ್ಲಾಸು ಮುಗಿದು, ಎಲ್ಲರೂ ನೀರಿನ ಡಬ್ಬಿ ಚೆಲ್ಲಿ ಬ್ರಷ್ ತೊಳೆದುಕೊಂಡು ಹೊರಟ ಮೇಲೆ ಯಾರಾದರೂ ಒಬ್ಬರು ಉಳಿಯುತ್ತಾರೆ. ಚಪ್ಪಲಿ ಹಾಕಿಕೊಳ್ಳುವುದಕ್ಕೆ ಇಷ್ಟು ಹೊತ್ತು ಯಾಕೆ ಎಂದು ನಾನು ತಲೆಯೆತ್ತುವಷ್ಟರಲ್ಲಿ ಪ್ರಶ್ನೆ ಬಂದಿರುತ್ತದೆ. "ಸಾರ್, ನಲವತ್ತು ದಾಟಿತು. ಈಗ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದರೆ ಏನಾದರೂ ಆಗುತ್ತಾ?" ಬ್ಯಾಂಕಿನವರು ಕೇಳಿದ್ದಾರೆ, ಸಾಫ್ಟ್‌ವೇರಿನವರು ಕೇಳಿದ್ದಾರೆ, ಒಬ್ಬ ನರ್ಸಮ್ಮ ಮೂರು ಸಲ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಣ್ಣದ ಡಬ್ಬಿಯಲ್ಲಿ ಒಂದು ನಾಣ್ಯ ಇದೆ. ಕೆನಡಾದ ಐದು ಸೆಂಟು, 1967ರದು. ಅದರ ಮೇಲೊಂದು ಮೊಲ ನೆಗೆದು ಓಡುತ್ತಿದೆ. ಉಬ್ಬಿದ ತೊಡೆ, ಹಿಂದಕ್ಕೆ ಮಡಿಸಿದ ಕಿವಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಅಷ್ಟೂ ಇದೆ. ಮಗಳು ಟೊರಾಂಟೊದಿಂದ ತಂದುಕೊಟ್ಟಿದ್ದು. ನೋಡಿದ ದಿನ ನಾಣ್ಯ ಎಂದುಕೊಂಡೆನೇ ಹೊರತು ಅದರ ಹಿಂದೆ ಒಬ್ಬ ಚಿತ್ರಕಾರ ಇದ್ದಾನೆಂದು ಹೊಳೆಯಲಿಲ್ಲ. ಆತನ ಹೆಸರು ಅಲೆಕ್ಸ್ ಕಾಲ್ವಿಲ್. ಕೆಲಸ ಬಿಟ್ಟಿದ್ದು 1963ರಲ್ಲಿ. ಆಗ ಆತನಿಗೆ ಹತ್ತಿರ ಹತ್ತಿರ ನಲವತ್ಮೂರು.

ಇಷ್ಟು ಕೇಳಿದ ಕೂಡಲೇ ಕೇಳಿದವರ ಮುಖ ಅರಳುತ್ತದೆ. ಅರಳಬೇಡಿ, ಪೂರ್ತಿ ಕೇಳಿ.

ಕಾಲ್ವಿಲ್ ಹುಟ್ಟಿದ್ದು 1920ರಲ್ಲಿ, ಟೊರಾಂಟೊದಲ್ಲಿ. ಒಂಬತ್ತನೇ ವಯಸ್ಸಿನ ಹೊತ್ತಿಗೆ ಮನೆಯವರು ನೋವಾ ಸ್ಕೋಷಿಯಾದ ಆಮ್‌ಹರ್ಸ್ಟ್ ಎಂಬ ಸಣ್ಣ ಊರಿಗೆ ಬಂದರು. ಅಲ್ಲಿ ನ್ಯುಮೋನಿಯಾ ಬಂದು ಹುಡುಗ ತಿಂಗಳುಗಟ್ಟಲೆ ಮನೆಯಲ್ಲೇ ಮಲಗಿದ. ಮಾಡಲು ಬೇರೇನೂ ಇಲ್ಲದೆ ಚಿತ್ರ ಬಿಡಿಸುತ್ತಾ ಕೂತ. ಮುಂದೆ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸ್ಯಾಕ್‌ವಿಲ್‌ನಲ್ಲಿರುವ ಮೌಂಟ್ ಆಲಿಸನ್ ವಿಶ್ವವಿದ್ಯಾಲಯದಲ್ಲಿ ಕಲೆ ಓದಿ, 1942ರಲ್ಲಿ ಪದವಿ, ಅದೇ ವರ್ಷ ಮದುವೆ, ಅದೇ ವರ್ಷ ಸೈನ್ಯ. 1944ರಲ್ಲಿ ಯುದ್ಧಚಿತ್ರಕಾರನಾಗಿ ಯುರೋಪಿಗೆ ಕಳಿಸಿದರು. ಹಾಲೆಂಡಿನ ಕೆಸರಲ್ಲಿ ಸಾಲಾಗಿ ನಡೆಯುವ ಸಿಪಾಯಿಗಳನ್ನು ಬಿಡಿಸಿದ. 1945ರಲ್ಲಿ ಜರ್ಮನಿಯಲ್ಲಿ ನಾಜಿಗಳು ಕೈದಿಗಳನ್ನು ಕೂಡಿಹಾಕಿದ್ದ ಬರ್ಗನ್-ಬೆಲ್ಸನ್ ಶಿಬಿರಕ್ಕೆ ಹೋಗಬೇಕಾಯಿತು. ಹೂಳಲು ರಾಶಿ ಹಾಕಿದ್ದ ಹೆಣಗಳ ಮುಂದೆ ನಿಂತು ಸ್ಕೆಚ್ ಮಾಡಬೇಕಾಯಿತು. ಆಗ ಆತನಿಗೆ ಇಪ್ಪತ್ನಾಲ್ಕು.

ಮುಂದೆ ಆತ ಬಿಡಿಸಿದ್ದರಲ್ಲಿ ಯುದ್ಧವೇನೂ ಇಲ್ಲ. ಹೆಂಡತಿ, ನಾಯಿ, ಕಾರು, ಕಡಲ ದಂಡೆ, ರಸ್ತೆ, ಇಷ್ಟೇ. ಆದರೂ ಏನೋ ಆಗಿಬಿಡುತ್ತದೆ ಎನ್ನುವ ಹೆದರಿಕೆ ಪ್ರತಿ ಚಿತ್ರದಲ್ಲೂ ಕೂತಿರುತ್ತದೆ. 'ಕುದುರೆ ಮತ್ತು ರೈಲು' ನೋಡಿ. 1954ರದು, ಈಗ ಕೆನಡಾದ ಹ್ಯಾಮಿಲ್ಟನ್ ನಗರದ ಆರ್ಟ್ ಗ್ಯಾಲರಿಯಲ್ಲಿದೆ. ಮಬ್ಬುಗತ್ತಲೆ, ರೈಲು ಹಳಿ, ದೂರದಲ್ಲಿ ಎಂಜಿನ್ನಿನ ದೀಪ, ನಮ್ಮ ಕಡೆ ಬೆನ್ನು ಹಾಕಿ ಅದೇ ಹಳಿಯ ಮೇಲೆ ನೇರ ಅದರ ಎದುರಿಗೆ ಓಡುತ್ತಿರುವ ಕಪ್ಪು ಕುದುರೆ. ದಕ್ಷಿಣ ಆಫ್ರಿಕಾದ ಕವಿ ರಾಯ್ ಕ್ಯಾಂಪ್‌ಬೆಲ್‌ನ ಎರಡು ಸಾಲು ಹುಟ್ಟಿಸಿದ ಚಿತ್ರ ಅದು. ಕುದುರೆ ಪಕ್ಕಕ್ಕೆ ಹಾರುತ್ತದಾ ಇಲ್ಲವಾ ಎಂದು ಆತ ಹೇಳುವುದಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗ ಹಾರುತ್ತದೆ ಎಂದು ವಾದ ಮಾಡುತ್ತಾನೆ. ನನಗೆ ಹಾಗೆ ಕಾಣುವುದಿಲ್ಲ.

ಈ ಚಿತ್ರ ಬಿಡಿಸುವಾಗ ಆತ ಮೇಷ್ಟ್ರು. ಹೆಸರು ಬಂದ ಮೇಲಿನ ಕಥೆಯನ್ನಷ್ಟೇ ಹೇಳುವವರು ಬಿಟ್ಟುಬಿಡುವ ಭಾಗ ಇದೇ. ಯುದ್ಧ ಮುಗಿಸಿ ಬಂದು 1946ರಲ್ಲಿ ತಾನು ಓದಿದ ಮೌಂಟ್ ಆಲಿಸನ್‌ನಲ್ಲೇ ಪಾಠಕ್ಕೆ ಸೇರಿದವನು ಹದಿನೇಳು ವರ್ಷ ಅಲ್ಲಿಂದ ಕದಲಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. ಹಗಲು ಪಾಠ, ಉಳಿದ ಹೊತ್ತು ಚಿತ್ರ. ತನ್ನ ನಿಜವಾದ ಕೆಲಸ ಶುರುವಾದದ್ದು 1950ರಲ್ಲಿ ಎಂದು ಆತನೇ ಎಣಿಸಿಕೊಂಡಿದ್ದ. ಅಟ್ಟದ ಕೋಣೆ, ಕಿಟಕಿಯ ಬಳಿ ಒಬ್ಬ ನಗ್ನ ಹೆಂಗಸು, ಈಚೆ ಬದಿಗೆ ಬಟ್ಟೆ ಹೊಲಿಯುವವರು ಇಟ್ಟುಕೊಳ್ಳುವ ತಲೆಯಿಲ್ಲದ ಬೊಂಬೆ. ಆ ಚಿತ್ರದಿಂದ ಲೆಕ್ಕ. ಅಲ್ಲಿಂದ ಕೆಲಸ ಬಿಡುವವರೆಗೆ ಹದಿಮೂರು ವರ್ಷ.

ಆ ಹದಿಮೂರು ವರ್ಷ ಗಾಳಿ ಪೂರ್ತಿ ಎದುರಿಗೆ ಬೀಸುತ್ತಿತ್ತು. ನ್ಯೂಯಾರ್ಕಿನಲ್ಲಿ ಬಣ್ಣ ಎರಚುವವರ ಕಾಲ. ಮಾಂಟ್ರಿಯಲ್‌ನಲ್ಲಿ ಅಮೂರ್ತ ಚಿತ್ರಕಾರರು 1948ರಲ್ಲೇ ಹಳೆಯದನ್ನೆಲ್ಲ ಧಿಕ್ಕರಿಸಿ ಪ್ರಣಾಳಿಕೆ ಹೊರಡಿಸಿದ್ದರು. ಟೊರಾಂಟೊದಲ್ಲಿ 'ಪೇಂಟರ್ಸ್ ಇಲೆವೆನ್' ಎಂಬ ಅಮೂರ್ತ ಚಿತ್ರಕಾರರ ಗುಂಪು. ಇದ್ದದ್ದನ್ನು ಇದ್ದ ಹಾಗೆ ಬಿಡಿಸುವವನು ಎಂದರೆ ಕಾಲ ಮುಗಿದವನು ಎಂದು ಅರ್ಥ. ಕಾಲ್ವಿಲ್ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ, ದಾರಿಯನ್ನೂ ಬದಲಿಸಲಿಲ್ಲ. ಸ್ಯಾಕ್‌ವಿಲ್‌ನಲ್ಲಿ ಕೂತು ವರ್ಷಕ್ಕೆ ಮೂರೋ ನಾಲ್ಕೋ ಚಿತ್ರ ಮುಗಿಸುತ್ತಿದ್ದ. ಕೊಳ್ಳುವವರು ಮೊದಲು ಸಿಕ್ಕಿದ್ದೂ ಹೆಚ್ಚಾಗಿ ನ್ಯೂಯಾರ್ಕಿನ ಒಂದು ಗ್ಯಾಲರಿಯ ಮೂಲಕ. ಒಟ್ಟಾವಾದ ನ್ಯಾಷನಲ್ ಗ್ಯಾಲರಿಯೂ ಕೊಳ್ಳತೊಡಗಿತು.

ಮೂರು ನಾಲ್ಕು ಎಂದರೆ ಸೋಮಾರಿತನ ಅಲ್ಲ. ಮೊದಲು ಹತ್ತಾರು ಸ್ಕೆಚ್ಚು. ಆಮೇಲೆ ಇಡೀ ಹಲಗೆಯನ್ನು ಜ್ಯಾಮಿತಿಯಿಂದ ಭಾಗ ಮಾಡುವುದು. ಕೈ ಎಲ್ಲಿ ಬರಬೇಕು, ದಿಗಂತ ಎಲ್ಲಿ ಕೂರಬೇಕು ಎಲ್ಲಕ್ಕೂ ಅಳತೆ. ಫೋಟೋ ಇಟ್ಟುಕೊಂಡು ನಕಲು ಮಾಡುವ ಮಾತೇ ಇಲ್ಲ. ಕೊನೆಗೆ ನಮ್ಮಲ್ಲಿ ಹಾರ್ಡ್‌ಬೋರ್ಡ್ ಅನ್ನುತ್ತೀವಲ್ಲ, ಅಂಥದ್ದರ ಮೇಲೆ ತೆಳು ಬಣ್ಣದ ಚುಕ್ಕಿ, ಸಣ್ಣ ಸಣ್ಣ ಗೆರೆ, ಪದರದ ಮೇಲೆ ಪದರ. ಕೆಲವು ವರ್ಷದ ಹಿಂದೆ ಒಟ್ಟಾವಾದ ಗ್ಯಾಲರಿಯಲ್ಲಿ ಆತನ 'ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ' ಎಂಬ ಚಿತ್ರದ ಮುಂದೆ ನಿಂತಿದ್ದೆ. 1965ರದು. ಹಡಗಿನ ಮೇಲೆ ಒಬ್ಬ ಹೆಂಗಸು ದುರ್ಬೀನು ಹಿಡಿದು ನೇರ ನಮ್ಮನ್ನೇ ನೋಡುತ್ತಾಳೆ. ಅವಳ ಹಿಂದೆ ಒಬ್ಬ ಗಂಡಸು, ಮುಖ ಕಾಣುವುದಿಲ್ಲ. ದೂರದಿಂದ ನುಣುಪು, ಫೋಟೋ. ಹತ್ತಿರ ಹೋದರೆ ಫೋಟೋ ಕರಗಿ ಬರೀ ಚುಕ್ಕಿ. ಕಾವಲಿನವರು ಹಿಂದೆ ಸರಿಯಿರಿ ಎಂದು ಎರಡು ಸಲ ಹೇಳಿದರು. ಅಂದಿನಿಂದ ನನ್ನ ಕ್ಲಾಸಿನಲ್ಲಿ ಯಾರಾದರೂ "ವ್ಹಾ, ಫೋಟೋ ಥರಾನೇ ಇದೆ" ಎಂದು ಹೊಗಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಇಂಥವನು 1963ರಲ್ಲಿ ಕೆಲಸ ಬಿಟ್ಟ. ಚಿತ್ರಕಾರ ಆಗಬೇಕೆಂದು ಬಿಟ್ಟದ್ದಲ್ಲ, ಆಗಲೇ ಆಗಿದ್ದ. ಪಾಠಕ್ಕೆ ಕೊಡುತ್ತಿದ್ದ ಹೊತ್ತು ಈಗ ಚಿತ್ರಕ್ಕೆ ಬೇಕೇ ಬೇಕು ಎನ್ನುವ ಹಂತಕ್ಕೆ ಬಂದಿದ್ದ. ಜೊತೆಗೆ ತಾನೇ ಸ್ಕ್ರೀನ್ ಪ್ರಿಂಟ್ ಮಾಡಿ ಮಾರುವುದನ್ನೂ ಕಲಿತಿದ್ದ. ಮನೆ ನಡೆಯಬೇಕಲ್ಲ, ವರ್ಷಕ್ಕೆ ಮೂರು ಚಿತ್ರ ಬಿಡಿಸುವವನಿಗೆ ಅದೂ ಒಂದು ದಾರಿ.

ಆಮೇಲಿನದು ಬೇಗ ಬೇಗ ಆಯಿತು. 1964ರಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಹೆಂಗಸಿನ ಚಿತ್ರ ಬಿಡಿಸಿದ. ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸೇರಿತು. ಅಮೂರ್ತದ ಗುಡಿಯೊಳಗೇ ಹೋಗಿ ಕೂತಂತಾಯಿತು. 1966ರಲ್ಲಿ ವೆನಿಸ್ ಬಿನಾಲೆಗೆ, ಎಂದರೆ ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನಕ್ಕೆ, ಕೆನಡಾ ಕಳಿಸಿದ ಮೂವರಲ್ಲಿ ಆತ ಒಬ್ಬ. ಉಳಿದವರು ಅಮೂರ್ತ ಚಿತ್ರಕಾರ ಈವ್ ಗೋಷೆ ಮತ್ತು ಶಿಲ್ಪಿ ಸೊರೆಲ್ ಎಟ್ರಾಗ್. 1967ರಲ್ಲಿ ಆರ್ಡರ್ ಆಫ್ ಕೆನಡಾ ಎಂಬ ರಾಷ್ಟ್ರ ಗೌರವ. 1970ರಲ್ಲಿ ಲಂಡನ್ನಿನ ಮಾರ್ಲ್‌ಬರೊ ಗ್ಯಾಲರಿಯಲ್ಲಿ ಪ್ರದರ್ಶನ, ಮರುವರ್ಷ ಬರ್ಲಿನ್ನಿನಲ್ಲಿ ವಾಸ. ಜರ್ಮನಿಯವರಂತೂ ಈತನನ್ನು ಹಚ್ಚಿಕೊಂಡೇಬಿಟ್ಟರು.

ನನ್ನ ಮಟ್ಟಿಗೆ ಇವುಗಳಿಗಿಂತ ದೊಡ್ಡದು ನನ್ನ ಡಬ್ಬಿಯ ಮೊಲ. 1967ಕ್ಕೆ ಕೆನಡಾ ಒಕ್ಕೂಟಕ್ಕೆ ನೂರು ವರ್ಷ ತುಂಬಿತು. ಆ ವರ್ಷದ ನಾಣ್ಯಗಳಿಗೆ ವಿನ್ಯಾಸ ಮಾಡಿದ್ದು ಕಾಲ್ವಿಲ್. ಒಂದು ಸೆಂಟಿಗೆ ಪಾರಿವಾಳ, ಐದಕ್ಕೆ ಮೊಲ, ಹತ್ತಕ್ಕೆ ಬಂಗುಡೆ ಜಾತಿಯ ಮೀನು, ಇಪ್ಪತ್ತೈದಕ್ಕೆ ಕಾಡುಬೆಕ್ಕು, ಐವತ್ತಕ್ಕೆ ಊಳಿಡುವ ತೋಳ, ಡಾಲರಿಗೆ ಹಾರುವ ಕಾಡುಬಾತು. ಕಿರೀಟ ಇಲ್ಲ, ಲಾಂಛನ ಇಲ್ಲ, ನಾಯಕರಿಲ್ಲ. ನಾಡಿನ ನೂರನೇ ವರ್ಷಕ್ಕೆ ಪ್ರಾಣಿಗಳು. ರಾಣಿ ಎಲಿಜಬೆತ್ ಮಾತ್ರ ಎಂದಿನಂತೆ ಇನ್ನೊಂದು ಬದಿಗಿದ್ದಳು. ಗ್ಯಾಲರಿಯ ಮೆಟ್ಟಿಲನ್ನೇ ಹತ್ತದ ರೈತ, ಬಸ್ ಡ್ರೈವರು, ಮಿಠಾಯಿ ಕೊಳ್ಳುವ ಮಗು, ಎಲ್ಲರ ಜೇಬಿನಲ್ಲೂ ಈ ಮನುಷ್ಯನ ಗೆರೆ ಝಣಗುಟ್ಟಿತು. ಅಂಥ ಪ್ರದರ್ಶನ ಯಾವ ಬಿನಾಲೆ ಕೊಟ್ಟೀತು?

ಇದೆಲ್ಲದರಲ್ಲಿ ಇನ್ನೊಬ್ಬರಿದ್ದಾರೆ. ಹಡಗಿನ ಮೇಲೆ ದುರ್ಬೀನು ಹಿಡಿದ ಹೆಂಗಸು ಕಾಲ್ವಿಲ್‌ನ ಹೆಂಡತಿ ರೋಡಾ. ಅಷ್ಟು ವರ್ಷದ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವವಳು ಅವಳೇ. ನಾಲ್ಕು ಮಕ್ಕಳ ಮನೆಯಲ್ಲಿ ಒಬ್ಬ ಮನುಷ್ಯ ದಿನಕ್ಕೆ ಅಷ್ಟು ಹೊತ್ತು ಚುಕ್ಕಿ ಇಡುತ್ತಾ ಕೂರಬೇಕಾದರೆ ಉಳಿದ ಹೊತ್ತನ್ನು ಯಾರು ಹೊತ್ತರು ಎಂದು ಬಿಡಿಸಿ ಹೇಳಬೇಕಾಗಿಲ್ಲ. 1973ರಲ್ಲಿ ಇಬ್ಬರೂ ನೋವಾ ಸ್ಕೋಷಿಯಾದ ವುಲ್ಫ್‌ವಿಲ್‌ಗೆ, ರೋಡಾಳ ತಂದೆ ಕಟ್ಟಿಸಿದ ಮನೆಗೆ ಹೋಗಿ ನೆಲೆಸಿದರು. ಅವಳು ತೀರಿಕೊಂಡದ್ದು 2012ರ ಡಿಸೆಂಬರಿನಲ್ಲಿ, ಆತ ಮುಂದಿನ ಜುಲೈನಲ್ಲಿ, ತೊಂಬತ್ತೆರಡನೇ ವಯಸ್ಸಿಗೆ.

ಹಾಗಾಗಿ, ಕೇಳಿದವರಿಗೆ ನಾನು ಹೇಳುವುದು ಇಷ್ಟು. ನಲವತ್ಮೂರಕ್ಕೆ ಕೆಲಸ ಬಿಟ್ಟು ನಲವತ್ತಾರರ ಹೊತ್ತಿಗೆ ವೆನಿಸ್ ಮುಟ್ಟಿದ ಎಂದು ಕಥೆ ಹೇಳಿದರೆ ಕೇಳಲು ಚೆನ್ನ. ಆದರೆ ಆ ಮೂರು ವರ್ಷವನ್ನು ಹೊತ್ತದ್ದು ಹಿಂದಿನ ಹದಿಮೂರು. ವಯಸ್ಸು ತಡೆಯಲ್ಲ, ನಿಜ. ನಿಮ್ಮ ಹದಿಮೂರು ಎಲ್ಲಿದೆ ಎಂದು ಮಾತ್ರ ಕೇಳುತ್ತೇನೆ. ನಾನೂ ನಲವತ್ತೊಂದರಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ರಾಜೀನಾಮೆ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಆ ರಾತ್ರಿ ನನ್ನ ಮುಗಿದ ಚಿತ್ರಗಳನ್ನೆಲ್ಲ ಹಾಲಿನ ನೆಲದ ಮೇಲೆ ಹರಡಿದೆ. ಹನ್ನೊಂದು ಇದ್ದವು. ಅದರಲ್ಲಿ ನಾಲ್ಕು ಮದುವೆಮನೆಗೆ ಕೊಡಲು ಬಿಡಿಸಿದ ಗಣಪತಿ. ಕಾಗದ ಡ್ರಾಯರಿನಲ್ಲೇ ಉಳಿಯಿತು.

ಕಳೆದ ಭಾನುವಾರ ಹೀಗೇ ಉಳಿದುಕೊಂಡಿದ್ದ ಬ್ಯಾಂಕಿನವರಿಗೆ ನಾಣ್ಯ ಕೊಟ್ಟು ಈ ಕಥೆಯೆಲ್ಲ ಹೇಳಿದೆ. ಅವರು ಮೊಲವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ತಿರುಗಿಸಿ ರಾಣಿಯನ್ನು ನೋಡಿದರು.

"ಇದು ಈಗಲೂ ಚಲಾವಣೆಯಲ್ಲಿದೆಯಾ ಸಾರ್?"

"ಇದೆ."

"ನಮ್ಮ ರೂಪಾಯಿಗೆ ಎಷ್ಟಾಗುತ್ತೆ?"

ಬ್ಯಾಂಕಿನವರು, ಲೆಕ್ಕ ಅವರೇ ಹಾಕಿಕೊಳ್ಳಲಿ ಎಂದು ನಾನು ಬ್ರಷ್ ತೊಳೆಯಲು ಎದ್ದೆ.